ಪೂರೈಕೆಯ ಸರಪಳಿ ಮತ್ತು ಪರಿಸರ ರಕ್ಷಣೆ: ಗೋವೆಯ ನಿದರ್ಶನ

ಕೈಗಾರಿಕೆಯಿಂದ ಪರಿಸರಕ್ಕೆ ಹಾನಿಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕಾರ್ಖಾನೆಯ ಹೊಗೆಕೊಳವೆ. ಆದರೆ ಕಚ್ಚಾ ಸಾಮಗ್ರಿ ಕಾರ್ಖಾನೆಯ ಬಾಗಿಲನ್ನು ಮುಟ್ಟುವ ಮೊದಲೇ ಗಣಿ, ಬಂದರು, ರೈಲುಮಾರ್ಗಗಳಲ್ಲಿ ಎಷ್ಟೋ ಹಾನಿ ನಡೆದುಹೋಗಿರುತ್ತದೆ. ಮೂಲದಿಂದ ಬಳಕೆದಾರನವರೆಗಿನ ಈ ಕೊಂಡಿಗಳ ಸಾಲನ್ನೇ ಪೂರೈಕೆಯ ಸರಪಳಿ ಎನ್ನುವರು. ಅದನ್ನು ನೆಲ, ಜಲ, ಗಾಳಿಗಳಿಗೆ ಹೊರೆಯಾಗದಂತೆ ನಡೆಸುವುದು ಹೇಗೆಂಬುದನ್ನು ಗಡಿನಾಡಿಗರಾದ ನಮಗೆ ಸಮೀಪದ ನಿದರ್ಶನದಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

ಊದುಕುಲುಮೆಯ ಪದ್ಧತಿಯಲ್ಲಿ ಒಂದು ಟನ್ ಉಕ್ಕಿಗೆ ಸುಮಾರು 1.4 ಟನ್ ಕಬ್ಬಿಣದ ಅದಿರೂ 0.8 ಟನ್ ಕಲ್ಲಿದ್ದಲೂ ಬೇಕು. ಬಳ್ಳಾರಿ ಸೀಮೆಯಲ್ಲಿ ಅದಿರು ಉಂಟು. ಕೋಕ್ ತಯಾರಿಕೆಗೆ ಒದಗುವ ಕಲ್ಲಿದ್ದಲು ಇಲ್ಲ. ಅದು ಆಸ್ಟ್ರೇಲಿಯ ಮೊದಲಾದ ದೇಶಗಳಿಂದ ಹಡಗಿನಲ್ಲಿ ಬರಬೇಕು. ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಗೆ ಅದು ಬಂದು ಸೇರುವ ದಾರಿಗಳಲ್ಲಿ ಗೋವೆಯ ಮರ್ಮಗೋವಾ ಬಂದರೂ ಒಂದು. ಅಲ್ಲಿ ಇಳಿದ ಸರಕು ವಾಸ್ಕೊ, ಮಡಗಾಂವ, ಕುಳೆಂಗಳನ್ನು ದಾಟಿ, 37 ಅಡಿಗೆ 1 ಅಡಿಯಂತೆ ಏರುವ ಘಟ್ಟವನ್ನು ಹತ್ತಿ, ಕ್ಯಾಸಲ್‌ರಾಕಿನಲ್ಲಿ ಕರ್ನಾಟಕವನ್ನು ಪ್ರವೇಶಿಸುತ್ತದೆ.

ಉಕ್ಕಿನ ಲಾಭ ಘಟ್ಟದ ಮೇಲೆ. ಕಲ್ಲಿದ್ದಲಿನ ಧೂಳು ಘಟ್ಟದ ಕೆಳಗೆ. ಈ ಧೂಳಿನ ವಿಷಯವಾಗಿ ವಾಸ್ಕೊ ನಗರದ ನಿವಾಸಿಗಳು ಬಹುಕಾಲದಿಂದ ದೂರುತ್ತ ಬಂದಿದ್ದಾರೆ. ಆ ನಗರದಲ್ಲಿ ನೆಲಸಿರುವ ಕನ್ನಡ ಕುಟುಂಬಗಳೂ ಉಸಿರಾಡುವುದು ಅದೇ ಗಾಳಿಯನ್ನೇ. ಮೊಲ್ಲೆಂ ಅರಣ್ಯದ ಮೂಲಕ ಜೋಡಿ ರೈಲುಹಳಿ ಹಾಕುವ ಯೋಜನೆಗೆ ದೊರೆತಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ಸರ್ವೋಚ್ಚ ನ್ಯಾಯಾಲಯವು 2022ರ ಮೇ 9ರಂದು ರದ್ದುಪಡಿಸಿತು. ಸರಪಳಿಯ ನಡುಗೊಂಡಿಯೂ ವಿಚಾರಣೆಗೆ ಒಳಪಡತಕ್ಕದ್ದೆಂಬುದಕ್ಕೆ ಇದು ಸಾಕ್ಷಿ.

ಗೋವೆಯ ಸ್ವಂತ ಅದಿರಿನ ಕಥೆ ಇನ್ನೂ ಬೋಧಪ್ರದವಾದುದು. ಅದು ಗಣಿಯಿಂದ ಲಾರಿಗಳಲ್ಲಿ ನದೀತೀರಕ್ಕೆ, ಅಲ್ಲಿಂದ ಮಾಂಡೋವಿ, ಜುವಾರಿ ನದಿಗಳ ದೋಣಿಸಾಲುಗಳಲ್ಲಿ ಬಂದರಿಗೆ, ಬಂದರಿನಿಂದ ಜಪಾನ್, ಚೀನಗಳಿಗೆ ಹೋಗುತ್ತಿತ್ತು. ಒಂದು ಟನ್ ಅದಿರಿಗೆ ಅದರ ಎರಡು ಮೂರು ಪಟ್ಟು ತ್ಯಾಜ್ಯದ ಮಣ್ಣನ್ನು ಅಗೆದು ಗುಡ್ಡೆ ಹಾಕಬೇಕು; ಮಳೆಗಾಲದಲ್ಲಿ ಆ ಮಣ್ಣು ಗದ್ದೆ, ಹೊಳೆಗಳನ್ನು ತುಂಬುತ್ತದೆ. 2012ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯನ್ನು ನಿಲ್ಲಿಸಿತು. 2014ರ ಏಪ್ರಿಲಿನ ತೀರ್ಪಿನಲ್ಲಿ ವರ್ಷಕ್ಕೆ 2 ಕೋಟಿ ಟನ್ನಿನ ಮಿತಿಯನ್ನೂ, ಮಾರಾಟದ ಬೆಲೆಯ ಶೇಕಡ 10ರಷ್ಟನ್ನು ಮುಂದಿನ ಪೀಳಿಗೆಗಾಗಿ ಶಾಶ್ವತ ನಿಧಿಯಲ್ಲಿಡುವ ವಿಧಿಯನ್ನೂ ಗೊತ್ತುಪಡಿಸಿತು. ಪುನಃ 2018ರಲ್ಲಿ 88 ಗುತ್ತಿಗೆಗಳು ರದ್ದಾದವು. ಲಾರಿಯವರು, ದೋಣಿಯವರು, ಕೂಲಿಗಾರರು ಕೆಲಸವಿಲ್ಲದೆ ಕುಳಿತರು. ಪರಿಸರವನ್ನೂ ಕಾಯಿದೆಯನ್ನೂ ಕಡೆಗಣಿಸಿದ ವ್ಯಾಪಾರವು ಉದ್ಯೋಗವನ್ನೂ ಉಳಿಸಲಾರದೆಂಬುದು ಇಲ್ಲಿಯ ಪಾಠ.

ಹಾಗಾದರೆ ಕರ್ತವ್ಯವೇನು? ಮೊದಲನೆಯದಾಗಿ, ಕೊಳ್ಳುವ ಕಾರ್ಖಾನೆಯು ಸರಕಿನ ಬೆಲೆಯನ್ನು ಮಾತ್ರವಲ್ಲದೆ ಅದರ ಹುಟ್ಟೂರನ್ನೂ ಬಂದ ದಾರಿಯನ್ನೂ ಕೇಳಿ ದಾಖಲಿಸಬೇಕು. ಎರಡನೆಯದಾಗಿ, ಬಂದರಿನ ರಾಶಿಗಳನ್ನು ಚಾವಣಿಯ ಕೆಳಗಿಟ್ಟು, ವ್ಯಾಗನ್‌ಗಳಿಗೆ ಹೊದಿಕೆ ಹಾಕಿ, ಧೂಳಿನ ಅಳತೆಯನ್ನು ಜನರಿಗೆ ಪ್ರಕಟಿಸಬೇಕು. ಮೂರನೆಯದಾಗಿ, ಗುಜರಿ ಉಕ್ಕನ್ನು ಮತ್ತೆ ಕರಗಿಸಿ ಬಳಸಬೇಕು. ಅಷ್ಟರಮಟ್ಟಿಗೆ ಹೊಸ ಅದಿರೂ ಕಲ್ಲಿದ್ದಲೂ ಉಳಿಯುತ್ತವೆ. ಕುಲುಮೆಯ ಕಿಟ್ಟವು ಸಿಮೆಂಟಿಗೆ ಒದಗುತ್ತದೆ. ಇವಕ್ಕೆ ವೆಚ್ಚ ತಗಲುವುದು ನಿಜ. ಆದರೆ ಕಾರ್ಖಾನೆ ಉಳಿಸಿದ ಆ ವೆಚ್ಚವನ್ನು ರೈತನ ಗದ್ದೆಯೂ ಮಗುವಿನ ಶ್ವಾಸಕೋಶವೂ ತೆರುತ್ತವೆ.

ಉಪಾಧ್ಯಾಯ ಬಂಧುಗಳು ತಮ್ಮ ಊರಿನ ಒಂದು ಕಾರ್ಖಾನೆಯನ್ನೋ ಗಿರಣಿಯನ್ನೋ ಆರಿಸಿಕೊಂಡು, ಅದರ ಸಾಮಗ್ರಿ ಎಲ್ಲಿಂದ ಬರುತ್ತದೆ, ಕಸ ಎಲ್ಲಿಗೆ ಹೋಗುತ್ತದೆ ಎಂಬುದರ ನಕ್ಷೆಯನ್ನು ವಿದ್ಯಾರ್ಥಿಗಳಿಂದ ಬರೆಯಿಸಬಹುದು. ಭೂಗೋಳದ ಪಾಠಕ್ಕೆ ಇದಕ್ಕಿಂತ ಸಮೀಪದ ಪುಸ್ತಕ ಬೇರೊಂದಿಲ್ಲ. ರಾಜ್ಯಗಳ ಗಡಿಯನ್ನು ಮನುಷ್ಯರು ಎಳೆದರು. ಗಾಳಿಗೂ ಹೊಳೆಗೂ ಅದು ತಿಳಿಯದು.