ಸಂಜೆಯ ಹಸಿವಿಗೆ ಒಂದು ಹಿಡಿ ಗುಗ್ಗರಿ

ರಾಯದುರ್ಗ, ಮಡಕಶಿರಾ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ನಾವು ಕಡಲೆಕಾಯಿ, ತೊಗರಿ, ಹುರುಳಿ ಬೆಳೆಯುತ್ತೇವೆ. ಬೆಳೆದದ್ದನ್ನು ಮಾರಿ, ಶಾಲೆಯಿಂದ ಹಸಿದು ಬಂದ ಮಕ್ಕಳ ಕೈಗೆ ಅಂಗಡಿಯ ಕುರುಕಲು ಪೊಟ್ಟಣ ಕೊಡುತ್ತೇವೆ. ಅದರಲ್ಲಿ ಹೆಚ್ಚಾಗಿ ಇರುವುದು ಪಿಷ್ಟ, ಎಣ್ಣೆ ಮತ್ತು ಉಪ್ಪು. ಹಸಿವು ಅಡಗಿದರೂ ಅದು ಮೈಗೆ ಹತ್ತುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಆದುದರಿಂದ ಸಂಜೆಯ ತಿಂಡಿ ಸಣ್ಣ ಸಂಗತಿಯಲ್ಲ.

ಕಾಳಿನಲ್ಲಿ ಏನಿದೆ?

ನೂರು ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಮಗುವಿಗೆ ಬೇಕಾದ ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಕಾಳಿನಿಂದ ಆರು ಗ್ರಾಂಗೂ ಮಿಗಿಲಾಗಿ ಸಿಗುತ್ತದೆ. ಒಂದು ಕೋಳಿಮೊಟ್ಟೆಯಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ಕಾಳಿನ ಸಸಾರಜನಕದಲ್ಲಿರುವ ಒಂದು ಕೊರತೆಯನ್ನು ರಾಗಿ, ಜೋಳ, ಅಕ್ಕಿ ತುಂಬುತ್ತವೆ. ಅವುಗಳ ಕೊರತೆಯನ್ನು ಕಾಳು ತುಂಬುತ್ತದೆ. ಮುದ್ದೆಗೆ ಹುರುಳಿ ಸಾರು ಕೂಡಿಸಿದ ಹಿರಿಯರ ಅಡುಗೆ ಸರಿಯಾದದ್ದೇ. ಕಬ್ಬಿಣಾಂಶ, ಸುಣ್ಣದಂಶ, ನಾರಿನಂಶವೂ ಕಾಳಿನಲ್ಲಿವೆ. ನಾರು ಮಲಬದ್ಧತೆಯನ್ನು ತಡೆಯುತ್ತದೆ. ರಕ್ತದಲ್ಲಿ ಸಕ್ಕರೆ ಥಟ್ಟನೆ ಏರದಂತೆ ನೋಡಿಕೊಳ್ಳುತ್ತದೆ. ಹಾಗಾಗಿ ಸಕ್ಕರೆ ಕಾಯಿಲೆಯವರಿಗೂ ಬಿಸ್ಕತ್ತಿಗಿಂತ ಗುಗ್ಗರಿ ಲೇಸು.

ಮಾಡುವ ಕ್ರಮ

ಹುರುಳಿ, ಹೆಸರು ಅಥವಾ ಕಡಲೆಯನ್ನು ರಾತ್ರಿಯಿಡೀ ನೆನೆಸಿ ನೀರು ಬಸಿಯಿರಿ. ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಇಟ್ಟರೆ ಮೊಳಕೆ ಬರುತ್ತದೆ. ಕಬ್ಬಿಣಾಂಶವನ್ನು ಮೈಗೆ ಸೇರಗೊಡದ ಪದಾರ್ಥ ಇದರಿಂದ ಕಡಿಮೆಯಾಗುತ್ತದೆ. ಹೊಟ್ಟೆಯುಬ್ಬರದ ಕಾಟವೂ ತಗ್ಗುತ್ತದೆ. ಕಾಳನ್ನು ಮೆತ್ತಗೆ ಬೇಯಿಸಿ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು, ಉಪ್ಪು ಮಿತವಾಗಿ ಹಾಕಿ. ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ನಿಂಬೆ ಕಬ್ಬಿಣಾಂಶ ಮೈಗೆ ಸೇರಲು ನೆರವಾಗುತ್ತದೆ, ಟೀ ಅದನ್ನು ತಡೆಯುತ್ತದೆ. ಆದ್ದರಿಂದ ಗುಗ್ಗರಿಯ ಜೊತೆ ಟೀ ಬೇಡ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಎಚ್ಚರಿಕೆ

ಬೂಷ್ಟು ಹಿಡಿದ, ಕಪ್ಪಾದ, ಕಹಿಯಾದ ಕಡಲೆಬೀಜವನ್ನು ತಿನ್ನಬಾರದು. ಅದರಲ್ಲಿ ಯಕೃತ್ತಿಗೆ ಕೇಡು ಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಕಿತ್ತ ಕಾಯನ್ನು ಚೆನ್ನಾಗಿ ಒಣಗಿಸಿಯೇ ಚೀಲಕ್ಕೆ ತುಂಬಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ, ಅರೆದು ಕೊಡಿ. ಕಡಲೆಬೀಜ ತಿಂದರೆ ಮೈ ದದ್ದರಿಸುವವರು ಅದನ್ನು ಮುಟ್ಟಬಾರದು. ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳಿ ತಿನ್ನಬೇಕು. ತೀರಾ ನಿತ್ರಾಣ, ಮುಖ ಬಿಳಿಚಿಕೊಳ್ಳುವುದು ಕಂಡರೆ ಗುಗ್ಗರಿಯನ್ನೇ ನಂಬಿ ಕೂರದೆ ರಕ್ತ ಪರೀಕ್ಷೆ ಮಾಡಿಸಬೇಕು.

ಮನೆಯ ಪಾಲು

ದಿನಕ್ಕೆ 30 ಗ್ರಾಂನಂತೆ ಒಂದು ಮಗುವಿಗೆ ವರ್ಷಕ್ಕೆ 11 ಕಿಲೋ ಕಾಳು ಸಾಕು. ಮುಂದಿನ ಸುಗ್ಗಿಯಲ್ಲಿ ವ್ಯಾಪಾರಿಯ ತಕ್ಕಡಿಗೆ ಚೀಲ ಏರಿಸುವ ಮೊದಲು ಮನೆಯಲ್ಲಿರುವ ಮಕ್ಕಳನ್ನು ಎಣಿಸಿ, ಅಷ್ಟನ್ನು ಅಳೆದು ತೆಗೆದಿಡೋಣ.