ನಗರದ ಮಣ್ಣು

ಹೋದ ವರ್ಷ ಪಾಲಕರ ಸಭೆಗೆ ಬಂದಿದ್ದ ಅಜ್ಜಿಯೊಬ್ಬರು ನಮ್ಮ ಶಾಲೆಯ ಅಂಗಳವನ್ನು ನೋಡಿ, “ಇಲ್ಲಿ ಕಾಲಿಗೆ ಮಣ್ಣೇ ತಗಲುವುದಿಲ್ಲವಲ್ಲ!” ಎಂದರು. ಅದು ಹೊಗಳಿಕೆಯೋ ದೂರೋ ನಮಗೆ ತಿಳಿಯಲಿಲ್ಲ. ಅಂಗಳದ ಬೇವಿನ ಮರವನ್ನು ಕೇಳಿದ್ದರೆ ದೂರೆಂದೇ ಹೇಳುತ್ತಿತ್ತು. ಬುಡದವರೆಗೂ ಕಾಂಕ್ರೀಟು ಹಾಸಿದಂದಿನಿಂದ ಅದರ ತುದಿಕೊಂಬೆಗಳು ಒಂದೊಂದಾಗಿ ಒಣಗುತ್ತಿದ್ದುವು.

ಮಣ್ಣೆಂದರೆ ಬರಿಯ ಪುಡಿಗಲ್ಲಲ್ಲ. ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಹೆಚ್ಚು ಕಡಿಮೆ ಅರ್ಧಭಾಗ ರಂಧ್ರಗಳೇ. ಅವುಗಳಲ್ಲಿ ನೀರೂ ಗಾಳಿಯೂ ಪಾಲು ಹಂಚಿಕೊಂಡಿರುತ್ತವೆ. ಬೇರುಗಳಿಗೂ ಉಸಿರಾಟವುಂಟೆಂಬುದನ್ನು ನಾವು ಮರೆಯುತ್ತೇವೆ. ನಗರದಲ್ಲಿ ವಾಹನಗಳ ಭಾರವೂ ಸಹಸ್ರಾರು ಪಾದಗಳ ತುಳಿತವೂ ಈ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಮಳೆನೀರು ಇಂಗದೆ ಬೀದಿಗೆ ಹರಿಯುತ್ತದೆ. ೨೦೦೫ನೆಯ ಇಸವಿಯ ಜುಲೈ ೨೬ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ ೯೪೪ ಮಿಲಿಮೀಟರ್ ಸುರಿದ ಮಳೆಯನ್ನು ಯಾವ ಮಣ್ಣೂ ಹೀರಲಾರದಾಗಿತ್ತು, ನಿಜ. ಆದರೆ ಸಾಧಾರಣ ಮಳೆಗೂ ಬೀದಿಯಲ್ಲಿ ನೀರು ನಿಲ್ಲುವುದಕ್ಕೆ ಉಸಿರುಕಟ್ಟಿದ ನೆಲವೂ ಒಂದು ಕಾರಣ.

ಮುಂಬಯಿಯದು ಮತ್ತೂ ವಿಚಿತ್ರ. ಏಳು ದ್ವೀಪಗಳ ನಡುವಣ ಸಮುದ್ರವನ್ನು ತುಂಬಿ ಮಾಡಿದ ಊರಿದು. ಅನೇಕ ಕಡೆ ಗುದ್ದಲಿ ಹಾಕಿದರೆ ಏಳುವುದು ಇಟ್ಟಿಗೆಯ ಚೂರು, ಗಾರೆ, ಗಾಜು. ಗಾರೆಯ ಸುಣ್ಣ ಬೆರೆತ ಮಣ್ಣು ಕ್ಷಾರವಾಗುತ್ತದೆ. ಅದರಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ದಕ್ಕದೆ ಎಲೆ ಹಳದಿಯಾಗುತ್ತದೆ. ಇನ್ನೊಂದು ಶತ್ರು ಸೀಸ. ಸೀಸ ಬೆರೆತ ಪೆಟ್ರೋಲಿನ ಮಾರಾಟ ನಮ್ಮ ದೇಶದಲ್ಲಿ ೨೦೦೦ದಲ್ಲಿ ನಿಂತಿತಾದರೂ ಸೀಸ ಕೊಳೆತು ಹೋಗುವ ವಸ್ತುವಲ್ಲ. ಹಳೆಯ ಹೆದ್ದಾರಿಯ ಅಂಚಿನಲ್ಲಿ ಸೊಪ್ಪು ಬೆಳೆಯುವ ಮುನ್ನ ಮಣ್ಣನ್ನು ಪರೀಕ್ಷೆ ಮಾಡಿಸುವುದು ಲೇಸು.

ಬಡವಾದ ಮಣ್ಣಿಗೆ ಬೇಕಾದ ಆಹಾರ ನಾವು ದಿನವೂ ಬಿಸಾಡುವ ಕಸದಲ್ಲಿದೆ. ಆಲ್ಬರ್ಟ್ ಹೊವಾರ್ಡ್ ರೂಪಿಸಿದ ಇಂದೂರು ಕ್ರಮದಲ್ಲಿ ಕಸದ ರಾಶಿಯನ್ನು ಆಗಾಗ ಮಗುಚಬೇಕು. ಗೊಬ್ಬರ ಬೇಗ ಸಿದ್ಧವಾಗುತ್ತದೆ. ೧೯೩೯ರಲ್ಲಿ ಸಿ. ಎನ್. ಆಚಾರ್ಯರು ಪಟ್ಟಣದ ಕಸಕ್ಕೆಂದೇ ಇನ್ನೊಂದು ಕ್ರಮವನ್ನು ರೂಪಿಸಿದರು. ಅದರ ಹೆಸರು ಬೆಂಗಳೂರು ಕ್ರಮ! ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ತುಂಬಿ ಮೇಲೆ ಮಣ್ಣು ಮುಚ್ಚಿಬಿಟ್ಟರೆ ಮಗುಚುವ ಕೆಲಸವಿಲ್ಲ, ನೊಣದ ಕಾಟ ಕಡಿಮೆ. ಆದರೆ ಆರೆಂಟು ತಿಂಗಳು ಕಾಯಬೇಕು. ಕನ್ನಡ ನಾಡಿನ ಊರೊಂದರ ಹೆಸರು ಕಸದ ಗುಂಡಿಗೆ ಅಂಟಿಕೊಂಡಿತೆಂದು ನಗುವವರು ನಗಲಿ, ನಮಗೆ ಅದು ಅಭಿಮಾನದ ಸಂಗತಿ.

ನಾವು ಇಂದೂರಿನ ಮಾದರಿಯನ್ನೇ ಅನುಸರಿಸಿದೆವು. ಆದರೆ ಮೊದಲ ತಿಂಗಳು ಊಟದ ಡಬ್ಬಿಗಳ ಶೇಷವನ್ನಷ್ಟೇ ಸುರಿದುದರಿಂದ ರಾಶಿ ಒದ್ದೆಯಾಗಿ ದುರ್ನಾತ ಬೀರಿತು. ಏಳನೆಯ ತರಗತಿಯ ಕಿಟಕಿಗಳನ್ನು ಮುಚ್ಚಬೇಕಾಯಿತು. ಒಣ ಎಲೆಗಳನ್ನು ಧಾರಾಳವಾಗಿ ಬೆರೆಸಿದ ಮೇಲೆ ಗಾಳಿಯಾಡಿ ವಾಸನೆ ಅಡಗಿತು.

ದಿಲ್ಲಿಯಲ್ಲಿ ೨೦೧೩ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ಆಜ್ಞಾಪಿಸಿತ್ತು. ಅದೇ ಅಳತೆಯಲ್ಲಿ ನಮ್ಮ ಬೇವಿನ ಸುತ್ತಲೂ ಒಡೆಸಿ, ಬೇರಿಗೆ ಪೆಟ್ಟಾಗದಂತೆ ಕೈಯಿಂದಲೇ ಮಣ್ಣನ್ನು ಸಡಿಲಿಸಿ, ಎರಡು ಬೆರಳಿನಷ್ಟು ಗೊಬ್ಬರ ಹರಡಿದ್ದೇವೆ. ಮೊದಲ ದಿನ ಸುರಿದ ಒಂದು ಕೊಡ ನೀರು ಅಲ್ಲಿಯೇ ಕೆರೆಯಂತೆ ನಿಂತಿತ್ತು. ಈಗ ಅಷ್ಟೇ ನೀರು, ಕೊಡವನ್ನು ಕೆಳಗಿಟ್ಟು ಕೈ ಒರೆಸಿಕೊಳ್ಳುವುದರೊಳಗೆ ಇಂಗಿಹೋಗುತ್ತದೆ.