ಸಾಕ್ಷ್ಯಚಿತ್ರದ ಸಾಕ್ಷಿ ಎಷ್ಟು ಸಾಚಾ?

ಹೀರೋ ಹತ್ತು ಜನರನ್ನು ಒಂದೇ ಏಟಿಗೆ ಉರುಳಿಸಿದರೆ ನಾವು ಶಿಳ್ಳೆ ಹಾಕುತ್ತೇವೆ. ಅದು ಸುಳ್ಳು ಅಂತ ಗೊತ್ತಿದ್ದೇ ಟಿಕೆಟ್ ತಗೊಂಡಿರುತ್ತೇವೆ, ಅದರಲ್ಲಿ ಮೋಸವೇನಿಲ್ಲ. ಆದರೆ ತೆರೆಯ ಮೇಲೆ 'ಸಾಕ್ಷ್ಯಚಿತ್ರ' ಅಂತ ಬಂದ ಕೂಡಲೇ ಕೈಕಟ್ಟಿ ಕೂತು ನಂಬಿಬಿಡುತ್ತೇವಲ್ಲ, ಅಪಾಯ ಇರೋದು ಅಲ್ಲೇ ಸ್ವಾಮಿ! ಇದನ್ನು ಹೇಳೋಕೆ ಇವನ್ಯಾರು ಅಂತೀರಾ? ಅಂಥದೊಂದು ಸುಳ್ಳನ್ನು ಸ್ವತಃ ಬರೆದವನು ನಾನು. ಮೂರು ಸಾವಿರ ರೂಪಾಯಿಗೆ.

ಹತ್ತಿ ತುಂಬಿದ ಗ್ಲೌಸು

ನಮ್ಮಪ್ಪ ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಪವರ್ ಪ್ರೆಸ್ ಆಪರೇಟರ್. ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ ಅವರ ಬಲಗೈಯ ಎರಡು ಬೆರಳು ಪ್ರೆಸ್ಸಿನಡಿ ಹೋದವು. ನನ್ನ ಓದೂ ಅಲ್ಲಿಗೇ ನಿಂತಿತು. ಪವರ್ ಪ್ರೆಸ್ಸಿಗೆ ಎರಡು ಬಟನ್ ಇರುತ್ತವೆ. ಎರಡೂ ಕೈಯಿಂದ ಒಟ್ಟಿಗೇ ಒತ್ತಿದರೆ ಮಾತ್ರ ಪ್ರೆಸ್ ಕೆಳಗಿಳಿಯಬೇಕು. ಆಗ ಕೈ ಒಳಗಿರೋ ಪ್ರಶ್ನೆಯೇ ಬರೋಲ್ಲ. ಆದರೆ ಮಾಲು ಬೇಗ ಬೀಳಲಿ ಅಂತ ಬಟನ್ ಬಿಟ್ಟು ಕಾಲಿನ ಪೆಡಲ್ ಕೊಟ್ಟುಬಿಡ್ತಾರೆ. ಕಾಲು ಒತ್ತಿತು, ಕೈ ಒಳಗೇ ಇತ್ತು. ಅಷ್ಟೇ ಕತೆ.

ಕೆಲವು ವರ್ಷದ ಮೇಲೆ ಅದೇ ಮಾಲೀಕರು ತಮ್ಮ ಕಾರ್ಖಾನೆಯ ಬಗ್ಗೆ 'ಡಾಕ್ಯುಮೆಂಟರಿ' ಮಾಡಿಸಿದರು. ಪತ್ರಿಕೆಗೆ ಬರೀತಾನಂತೆ ಹುಡುಗ ಅಂತ ಕನ್ನಡ ಕಾಮೆಂಟರಿ ನನಗೇ ಬಂತು. 'ಇಲ್ಲಿ ಅಪಘಾತ ಎಂಬ ಮಾತೇ ಇಲ್ಲ' ಅಂತ ಒಂದು ಸಾಲು ಬೇಕೆಂದರು. ಬರೆದುಕೊಟ್ಟೆ! ಶೂಟಿಂಗ್ ದಿನ ಪೆಡಲ್ ತೆಗೆಸಿ ಎರಡು ಬಟನ್ ಹಾಕಿಸಿದರು. ಅಪ್ಪನ ಕೈಗೆ ಹೊಸ ಗ್ಲೌಸು ತೊಡಿಸಿ, ಖಾಲಿ ಇದ್ದ ಎರಡು ಬೆರಳಿಗೆ ಕಾಟನ್ ವೇಸ್ಟ್ ತುರುಕಿದರು. ಚಿತ್ರದಲ್ಲಿ ಆ ಕೈ ತುಂಬಾ ಚೆನ್ನಾಗಿ ಕಾಣುತ್ತೆ. ಹಿನ್ನೆಲೆಯಲ್ಲಿ ನನ್ನ ಸಾಲು. ಮಾರನೇ ದಿನ ಪೆಡಲ್ ವಾಪಸ್ಸು.

ಆಮೇಲೆ ಕಾರ್ಮಿಕರ ಕಷ್ಟದ ಬಗ್ಗೆ ಚಿತ್ರ ತೆಗೆಯೋಕೆ ಕೆಲವು ಹುಡುಗರು ಬಂದರು. ಒಳ್ಳೇ ಮನಸ್ಸಿನ ಹುಡುಗರೇ. ಅಪ್ಪ ಅವರ ಹತ್ತಿರ ಒಂದು ಗಂಟೆ ಮಾತಾಡಿದರು. ಡೈ ಸೆಟ್ ಮಾಡೋದು ಹೇಗೆ, ಎಷ್ಟು ಹುಡುಗರಿಗೆ ಕೆಲಸ ಕಲಿಸಿದೆ, ಇ.ಎಸ್.ಐ. ಹಣಕ್ಕೆ ಎಷ್ಟು ಓಡಾಡಿದೆ, ಅಣ್ಣಾವ್ರ ಯಾವ ಚಿತ್ರ ಎಷ್ಟು ಸಲ ನೋಡಿದೆ ಅಂತೆಲ್ಲ. ಚಿತ್ರದಲ್ಲಿ ಉಳಿದದ್ದು ಕಿಟಕಿ ಬೆಳಕಿಗೆ ಹಿಡಿದ ಮೊಂಡು ಕೈ, ಅದರ ಜೊತೆ ಅಳುವ ಕೊಳಲು. ಎರಡೂ ನೋಡಿದ ಅಪ್ಪ ಹೇಳಿದ್ದಿಷ್ಟು: "ಮೊದಲನೇದ್ರಲ್ಲಿ ನನ್ನ ಕೈಯೇ ಇರಲಿಲ್ಲ ಕಣಪ್ಪ. ಎರಡನೇದ್ರಲ್ಲಿ ಕೈ ಬಿಟ್ರೆ ನಾನೇ ಇರಲಿಲ್ಲ."

ದೊಡ್ಡವರೂ ಕಡಿಮೆಯಿಲ್ಲ

ಇದು ಪೀಣ್ಯದ ಕಳ್ಳಾಟ ಮಾತ್ರ ಅಂದ್ಕೋಬೇಡಿ. ಸಾಕ್ಷ್ಯಚಿತ್ರಗಳಿಗೆ ಅಜ್ಜನಂತಿರುವ 'ನಾನೂಕ್ ಆಫ್ ದಿ ನಾರ್ತ್' ಬಂದದ್ದು 1922ರಲ್ಲಿ. ಅದರ ನಾಯಕನ ನಿಜವಾದ ಹೆಸರು ನಾನೂಕ್ ಅಲ್ಲವೇ ಅಲ್ಲ. ಬಂದೂಕು ಬಲ್ಲ ಆ ಜನರ ಕೈಗೆ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಹಳೇ ಕಾಲದ ಈಟಿ ಕೊಟ್ಟು ಬೇಟೆ ಆಡಿಸಿದ. ಒಳಗೆ ಬೆಳಕು ಸಾಲದೆಂದು ಹಿಮದ ಮನೆಯನ್ನು ಅರ್ಧ ಮಾತ್ರ ಕಟ್ಟಿಸಿದ. 1958ರ ಡಿಸ್ನಿ ಚಿತ್ರ 'ವೈಟ್ ವೈಲ್ಡರ್‌ನೆಸ್' ಇನ್ನೂ ಘೋರ. ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಸಾಲಾಗಿ ನೀರಿಗೆ ಹಾರಿ ಸಾಯುತ್ತವೆಂದು ತೋರಿಸಿತು. ಬೇರೆ ಕಡೆಯಿಂದ ತಂದು ದಬ್ಬಿದ ಪ್ರಾಣಿಗಳವು ಎಂಬುದು ಆಮೇಲೆ ಬಯಲಾಯಿತು. ಅಷ್ಟರಲ್ಲಿ ಆಸ್ಕರ್ ಬಂದಾಗಿತ್ತು!

ಎಲೆಕ್ಟ್ರಾನಿಕ್ ಸಿಟಿಯ ಎರಡು ಮುಖ

ನಮ್ಮೂರಿನ ಐ.ಟಿ. ಲೋಕವನ್ನೇ ತಗೊಳ್ಳಿ. 2004ರಲ್ಲಿ ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ ಕ್ಯಾಮೆರಾ ತಂಡದ ಜೊತೆ ಬೆಂಗಳೂರಿಗೆ ಬಂದರು. ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್‌ನಲ್ಲಿ ನಂದನ್ ನಿಲೇಕಣಿಯವರ ಮಾತು ಕೇಳಿ, ಪ್ರಪಂಚವೇ ಚಪ್ಪಟೆಯಾಗಿದೆ ಅಂತ 2005ರಲ್ಲಿ ಪುಸ್ತಕವನ್ನೇ ಬರೆದರು. ಚಿತ್ರದ ಹೆಸರು 'ದಿ ಅದರ್ ಸೈಡ್ ಆಫ್ ಔಟ್‌ಸೋರ್ಸಿಂಗ್'. ಅಮೆರಿಕದ ಕೆಲಸ ಎಲ್ಲಿಗೆ ಹೋಯಿತು ಅನ್ನೋದು ಅಲ್ಲಿನವರ ಪ್ರಶ್ನೆ. ಅದನ್ನೇ ಹಿಡಿದು ಬಂದವರು ಅದಕ್ಕೇ ಉತ್ತರ ಹುಡುಕಿದರು.

2006ರಲ್ಲಿ ಗೌತಮ್ ಸೊಂಟಿ ಮತ್ತು ಬೆಂಗಳೂರಿನ ನಿಯಾಸ್ ಸಂಸ್ಥೆಯ ಕ್ಯಾರೊಲ್ ಉಪಾಧ್ಯ ಸೇರಿ 'ಕೋಡಿಂಗ್ ಕಲ್ಚರ್' ಮಾಡಿದರು. ಮೂರು ಕಂಪನಿ, ಮೂರು ಚಿತ್ರ. ಅದರ ಪ್ರಶ್ನೆ ಇಲ್ಲಿಯದೇ: ಆಫೀಸಿನೊಳಗೆ ನಮ್ಮ ಹುಡುಗ ಹುಡುಗಿಯರ ಬದುಕು, ಹೊತ್ತು, ಮಾತುಕತೆ ಏನಾಗ್ತಿದೆ? 'ಫನ್ ಅಟ್ ಸನ್', 'ಜುಲೈ ಬಾಯ್ಸ್' ಅನ್ನೋ ಹೆಸರಲ್ಲೇ ಕಂಪನಿಯ ಗುರುತಿದೆ. ಯಾರು ಬಾಗಿಲು ತೆರೆದರು ಅಂತ ನಮಗೆ ಗೊತ್ತಾಗುತ್ತೆ. ಬಾಗಿಲು ತೆರೆದವರ ಮನೆಯಲ್ಲಿ ಯಾವ ಕೋಣೆ ತೋರಿಸಲಿಲ್ಲವೋ ಅಂತ ಯೋಚಿಸೋಕೆ ದಾರಿ ಸಿಗುತ್ತೆ.

ನಮ್ಮ ಕೈಯಲ್ಲಿರುವ ಒರೆಗಲ್ಲು

ಹಾಗಾದರೆ ಅಳೆಯೋದು ಹೇಗೆ? ಮೊದಲು ದುಡ್ಡು ಯಾರದ್ದು ಅಂತ ನೋಡಿ. ಟೈಟಲ್ ಕಾರ್ಡ್ ಓಡಿಹೋಗೋ ಮುಂಚೆ ಓದಿ. ಆಮೇಲೆ ಕಣ್ಮುಚ್ಚಿ ಸಂಗೀತ ಕೇಳಿ. ಅಳು ಬಂದದ್ದು ಮನುಷ್ಯನ ಮಾತಿಗೋ, ಕೊಳಲಿಗೋ? ಆಮೇಲೆ ಕಿವಿ ಮುಚ್ಚಿ ಚಿತ್ರ ನೋಡಿ. ಕಾಮೆಂಟರಿ ಹೇಳಿದ್ದು ತೆರೆಯ ಮೇಲೆ ನಿಜಕ್ಕೂ ಕಾಣುತ್ತಿದೆಯೇ? ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಒಂದಿದೆ: ಆ ಕೆಲಸ ಮಾಡೋರಿಗೇ ಚಿತ್ರ ತೋರಿಸಿ. ಬಟನ್ನು, ಪೆಡಲ್ಲಿನ ವ್ಯತ್ಯಾಸ ಯಾವ ವಿಮರ್ಶಕನಿಗೆ ತಿಳಿದೀತು? ಪೀಣ್ಯದ ಯಾವ ಪ್ರೆಸ್ ಆಪರೇಟರ್ ಆದರೂ ಒಂದೇ ನೋಟಕ್ಕೆ ಹಿಡೀತಾನೆ.

ನಿರ್ದೇಶಕ ಏನನ್ನಾದರೂ ಮತ್ತೆ ಮಾಡಿಸಿ ತೆಗೆಯೋದೇ ಪಾಪ ಅಂತ ನಾನು ಹೇಳೋಲ್ಲ. ಹಾಗೆ ಮಾಡಿಸಿದ್ದು ನಿಜಕ್ಕೆ ಹತ್ತಿರ ಬಂತೋ, ನಿಜವನ್ನು ಮುಚ್ಚಿತೋ ಅನ್ನೋದೇ ಲೆಕ್ಕ. ನಾನು ಬರೆದ ಸಾಲು ಮುಚ್ಚಿತು. ಆ ಪ್ರೆಸ್ಸಿನ ಮುಂದೆ ಇವತ್ತು ಯಾರ ಮನೆ ಹುಡುಗ ನಿಂತಿದ್ದಾನೋ ಅನ್ನೋ ಯೋಚನೆಗೆ ರಾತ್ರಿ ಎಷ್ಟೋ ಸಲ ಎಚ್ಚರವಾಗುತ್ತೆ.

2020ರ ಜನವರಿಯಲ್ಲಿ ಅಮೋಘವರ್ಷ, ಕಲ್ಯಾಣ್ ವರ್ಮಾ ನಿರ್ದೇಶನದ 'ವೈಲ್ಡ್ ಕರ್ನಾಟಕ' ಥಿಯೇಟರಿಗೆ ಬಂದಾಗ ಅಪ್ಪನನ್ನು ಕರ್ಕೊಂಡು ಹೋಗಿದ್ದೆ. ವರ್ಷಗಟ್ಟಲೆ ಕಾಡಿನಲ್ಲಿ ಕಾದು ತೆಗೆದ ದೃಶ್ಯಗಳು, ಡೇವಿಡ್ ಅಟೆನ್‌ಬರೋ ದನಿ. ಅಪ್ಪ ಬಾಯಿಬಿಟ್ಟುಕೊಂಡು ನೋಡಿದರು. ಹೊರಗೆ ಬಂದು ಕಾಫಿ ಕುಡೀತಾ ಅಂದರು: "ಚೆನ್ನಾಗಿದೆ ಕಣೋ. ಆದ್ರೆ ತಪ್ಪು ತೋರಿಸಿದ್ರೂ ಹುಲಿ ಬಂದು ಹೇಳೋಕಾಗಲ್ಲ. ನಾವು ಹೇಳಬಹುದಲ್ವಾ?"

ಅದಕ್ಕೇ ಇವತ್ತು ಹೇಳಿದ್ದೇನೆ.